ಹೊಸಪೇಟೆಯಿಂದ ಮೆಕ್ಸಿಕೋಗೆ

ನನ್ನ ತಮ್ಮನ ಮಗಳು ಮೆಕ್ಸಿಕೋ ದೇಶದಲ್ಲಿ ಇಂಗ್ಲಿಷು ಕಲಿಸಲು ಹೊರಟಿರುವಳು. ಹೊಸಪೇಟೆಯ ಮನೆಯಲ್ಲಿ ತಿಂಗಳಿಂದ ಅದೇ ಸಂಭ್ರಮ, ಅದೇ ಸಂಕಟ. ಪದವಿಪತ್ರಕ್ಕೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ಬಿದ್ದಿದೆ. 2005ರಿಂದ ಆ ಒಡಂಬಡಿಕೆ ಭಾರತಕ್ಕೂ ಅನ್ವಯಿಸುವುದರಿಂದ, ಆ ಪತ್ರಕ್ಕೆ ರಾಯಭಾರ ಕಚೇರಿಯ ಮುದ್ರೆ ಬೇಕಾಗಲಿಲ್ಲ.

ಮೊನ್ನೆ ಹಂಪೆಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬಂದೆವು. 1520ರ ಸುಮಾರಿಗೆ ಪೋರ್ಚುಗೀಸನಾದ ಪಾಯೆಸನು ಈ ಪಟ್ಟಣವನ್ನು ಕಂಡು ಬೆರಗಾಗಿ ಬರೆದಿಟ್ಟ ಸಂಗತಿಯನ್ನು ಹೊಳೆಯ ದಡದಲ್ಲಿ ಹೇಳಿದೆನು. “ನಾನೂ ಅಲ್ಲಿಂದ ಬರೆಯುವೆನು, ದೊಡ್ಡಪ್ಪ” ಎಂದಳು.

ಮನೆಯಲ್ಲಿ ಅವಳ ತಾಯಿ ಖಾರದ ಪುಡಿ ಕಟ್ಟುತ್ತಿದ್ದಳು. ಮೆಣಸಿನಕಾಯಿಗೆ ಮೆಕ್ಸಿಕೋವೇ ತೌರೆಂದೂ, ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮಲ್ಲಿಗೆ ಬಂದಿತೆಂದೂ ಹೇಳಿದೆನು. “ತೌರು ಅಲ್ಲಿಯಾದರೇನು ಭಾವನವರೇ, ಹುರಿದು ಕುಟ್ಟುವ ಕೈ ಅಲ್ಲಿರುವುದೇ?” ಎಂದು ಗಂಟು ಬಿಗಿದಳು.

ನಾಳೆ ಕಂಪ್ಲಿಗೆ ಹೋಗಬೇಕು. ಅಜ್ಜಿಗೆ ಇನ್ನೂ ತಿಳಿಸಿಲ್ಲ.