ಹೆದರಿಕೆಯನ್ನೇ ಮರೆತ ಆಡು

ಸ್ಪೇನ್ ದೇಶದ ಪೂರ್ವಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಮಯೋರ್ಕಾ ಎಂಬ ದ್ವೀಪವಿದೆ. ವಿಸ್ತಾರದಲ್ಲಿ ನಮ್ಮ ಕೊಡಗು ಜಿಲ್ಲೆಗಿಂತ ತುಸು ಚಿಕ್ಕದು. ಕಡಲ ಸ್ನಾನಕ್ಕೂ ಬಿಸಿಲಿಗೂ ಯುರೋಪಿನ ಜನ ಇಲ್ಲಿಗೆ ಲಕ್ಷಗಟ್ಟಲೆ ಬರುತ್ತಾರೆ. ಮರಳ ದಂಡೆಗೆ ಬೆನ್ನು ತಿರುಗಿಸಿ ಬೆಟ್ಟದ ಕಡೆ ಹೊರಟವರಿಗೆ ಮಾತ್ರ ಈ ದ್ವೀಪದ ಹಳೆಯ ನಿವಾಸಿಯೊಬ್ಬನ ಕತೆ ಸಿಗುತ್ತದೆ.

ಬೆಟ್ಟಕ್ಕೆ ಹೋಗಲು ಚಂದದ ದಾರಿಯೆಂದರೆ ರೈಲು. ರಾಜಧಾನಿ ಪಾಲ್ಮಾದಿಂದ ಸೋಯೆರ್ ಊರಿಗೆ 1912ರಿಂದ ಒಂದು ಪುಟ್ಟ ರೈಲು ಓಡುತ್ತಿದೆ. ಮರದ ಬೋಗಿಗಳು, ದಾರಿ ಸುಮಾರು 27 ಕಿಲೋಮೀಟರ್. ಬಾದಾಮಿ ತೋಟಗಳನ್ನು ದಾಟಿ, ಸುರಂಗಗಳಲ್ಲಿ ನುಸುಳಿ, ತ್ರಮುಂತಾನಾ ಪರ್ವತಸಾಲಿನ ಆಚೆಗೆ ಇಳಿದರೆ ಕಿತ್ತಳೆ, ನಿಂಬೆ ತೋಟಗಳ ಕಣಿವೆ. ಸುತ್ತಲೂ ಸುಣ್ಣಕಲ್ಲಿನ ಬೆಟ್ಟಗಳು. ಸುಣ್ಣಕಲ್ಲನ್ನು ಮಳೆನೀರು ಕರಗಿಸುವುದರಿಂದ ಈ ಬೆಟ್ಟಗಳ ತುಂಬ ಗುಹೆಗಳು. ಸೋಯೆರ್ ಹತ್ತಿರದ ಮುಲೇತಾ ಗುಹೆಯಲ್ಲಿ ಒಂದೇ ಜಾತಿಯ ಪ್ರಾಣಿಯ ಮೂಳೆಗಳು ರಾಶಿರಾಶಿಯಾಗಿ ಸಿಕ್ಕಿವೆ. ಆ ಪ್ರಾಣಿಯೇ ಮಯೋಟ್ರಾಗಸ್. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ 'ಇಲಿ-ಹೋತ'.

ಈ ಹೆಸರಿಟ್ಟವರು ಡೊರೊಥಿಯಾ ಬೇಟ್. 1898ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದ ಬಾಗಿಲಿಗೆ ಹೋಗಿ ಕೆಲಸ ಕೇಳಿದ ಹುಡುಗಿ. ಹೆಂಗಸರಿಗೆ ಅಲ್ಲಿ ವಿಜ್ಞಾನಿಯ ಹುದ್ದೆ ಇಲ್ಲದ ಕಾಲ ಅದು. ಆದರೂ ಹಕ್ಕಿಗಳ ಚರ್ಮ ವಿಂಗಡಿಸುವ ಕೆಲಸ ಹಿಡಿದು, ಅಲ್ಲಿಂದಲೇ ಎಲ್ಲವನ್ನೂ ಕಲಿತರು. ಸೈಪ್ರಸ್ ದ್ವೀಪದ ಗುಹೆಗಳಲ್ಲಿ ಕುಳ್ಳ ಆನೆಯ ಮೂಳೆಗಳನ್ನು ಪತ್ತೆಮಾಡಿದವರೂ ಅವರೇ. 1909ರಲ್ಲಿ ಮಯೋರ್ಕಾಕ್ಕೆ ಬಂದು, ಪೂರ್ವ ಕರಾವಳಿಯ ಗುಹೆಗಳಲ್ಲಿ ಕಲ್ಲಿನಂತೆ ಗಟ್ಟಿಯಾದ ಮಣ್ಣನ್ನು ಒಡೆದಾಗ ಈ ವಿಚಿತ್ರ ದವಡೆಗಳು ಕಂಡವು.

ವಿಚಿತ್ರ ಏಕೆ? ನಿಮ್ಮ ಅಜ್ಜ ಸಂತೆಯಲ್ಲಿ ಕುರಿ, ಆಡು ಕೊಂಡವರಾದರೆ ಅವರಿಗೆ ಗೊತ್ತಿರುತ್ತದೆ: ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದು. ಆಡಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕೆಳಗೆ ಎಂಟು. ಬೇಟ್ ಅವರಿಗೆ ಸಿಕ್ಕ ದವಡೆಯ ಮುಂಭಾಗದಲ್ಲಿ ಇದ್ದದ್ದು ಎರಡೇ ಹಲ್ಲು. ಅವೂ ಇಲಿಯ ಬಾಚಿಹಲ್ಲಿನಂತೆ ಉದ್ದವಾಗಿ, ಸವೆದಷ್ಟೂ ಬೆಳೆಯುತ್ತಿದ್ದವು. ಅದಕ್ಕೇ ಆ ಹೆಸರು.

ಭುಜದವರೆಗೆ ಅಳೆದರೆ ಎತ್ತರ ಸುಮಾರು 50 ಸೆಂಟಿಮೀಟರ್. ಕಾಲುಗಳು ಮೊಟಕು, ಪಾದದ ಕೆಲವು ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಹೀಗಾಗಿ ಗಟ್ಟಿಯಾಗಿ ನಿಲ್ಲಬಹುದು, ನಿಧಾನವಾಗಿ ನಡೆಯಬಹುದು. ಆಡಿನಂತೆ ನೆಗೆಯುವುದು, ಓಡುವುದು ಸಾಧ್ಯವಿರಲಿಲ್ಲ.

ಎಲ್ಲಕ್ಕಿಂತ ಅಚ್ಚರಿ ಅದರ ಕಣ್ಣು. ಮಕ್ಕಳೇ, ಮುಂದಿನ ಸಲ ಒಂದು ಆಡನ್ನು ಎದುರಿನಿಂದ ನೋಡಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುತ್ತವೆ. ತಲೆ ಬಗ್ಗಿಸಿ ಮೇಯುತ್ತಿದ್ದರೂ ಹಿಂದಿನಿಂದ ಬರುವ ನಾಯಿ ಅದಕ್ಕೆ ಕಾಣುತ್ತದೆ. ಬೇಟೆಗೆ ಬೀಳುವ ಪ್ರಾಣಿಗಳ ಕಣ್ಣು ಹೀಗೆಯೇ ಇರುತ್ತದೆ. ಬೇಟೆಯಾಡುವ ಬೆಕ್ಕು, ಹುಲಿ, ಗೂಬೆಗಳ ಕಣ್ಣು ಮುಂದಕ್ಕಿರುತ್ತವೆ. ಮಯೋಟ್ರಾಗಸ್ ಸೊಪ್ಪು ತಿನ್ನುವ ಪ್ರಾಣಿ. ಆದರೂ ಅದರ ಕಣ್ಣುಗಳು ನಮ್ಮ ಕಣ್ಣಿನಂತೆ ಮುಂದಕ್ಕೆ ತಿರುಗಿದ್ದವು! ಹಿಂದೆ ಯಾರಿದ್ದಾರೆಂದು ನೋಡುವ ಅಗತ್ಯವೇ ಅದಕ್ಕಿರಲಿಲ್ಲ.

ಏಕೆಂದರೆ ಅದರ ಹಿಂದೆ ಯಾರೂ ಇರುತ್ತಿರಲಿಲ್ಲ. ಸುಮಾರು 59 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್ ಸಾಗರದಿಂದ ಮೆಡಿಟರೇನಿಯನ್‌ಗೆ ನೀರು ಬರುವ ದಾರಿ ಮುಚ್ಚಿಹೋಗಿ, ಆ ಸಮುದ್ರದ ಬಹುಪಾಲು ಒಣಗಿತು. ಆಗ ಇದರ ಪೂರ್ವಜರು ನಡೆದುಕೊಂಡೇ ಈ ಎತ್ತರದ ಜಾಗಕ್ಕೆ ಬಂದವು. ಸುಮಾರು 53 ಲಕ್ಷ ವರ್ಷಗಳ ಹಿಂದೆ ಜಿಬ್ರಾಲ್ಟರ್ ಬಳಿ ದಾರಿ ತೆರೆದು ಸಾಗರ ಮತ್ತೆ ನುಗ್ಗಿತು. ಬೆಟ್ಟಗಳು ದ್ವೀಪಗಳಾದವು, ಬಂದವರು ಅಲ್ಲೇ ಉಳಿದರು. ಕೊನೆಯ ಕಾಲದಲ್ಲಿ ಅವುಗಳ ನೆರೆಹೊರೆಯ ನೆಲದ ಸಸ್ತನಿಗಳೆಂದರೆ ದೊಡ್ಡ ಗಾತ್ರದ ಒಂದು ಡಾರ್ಮೌಸ್ ಮತ್ತು ಒಂದು ಸುಂಡಿಲಿ. ತೋಳವಿಲ್ಲ, ನರಿಯಿಲ್ಲ.

ಶತ್ರುವಿಲ್ಲದಿದ್ದರೂ ಹಸಿವು ಇತ್ತು. ಹಿಂಡು ಬೆಳೆಯುತ್ತದೆ, ಮೇವು ಬೆಳೆಯುವುದಿಲ್ಲ, ದಾಟಿ ಹೋಗಲು ಇನ್ನೊಂದು ಬೆಟ್ಟವಿಲ್ಲ. ಇಂಥ ಕಡೆ ಕಡಿಮೆ ತಿಂದು ಬದುಕಬಲ್ಲ ಮರಿಗಳೇ ಹೆಚ್ಚು ಉಳಿದವು. ಅವುಗಳ ಮರಿಗಳೂ ಹಾಗೆಯೇ. ದೇಹದಲ್ಲಿ ಬಹಳ ಆಹಾರ ಬೇಡುವ ಅಂಗಗಳೆಂದರೆ ಮೆದುಳು ಮತ್ತು ಕಣ್ಣು. ಅಷ್ಟೇ ಗಾತ್ರದ ಬೇರೆ ಪ್ರಾಣಿಗಳಿಗೆ ಹೋಲಿಸಿದರೆ ಮಯೋಟ್ರಾಗಸ್‌ನ ಮೆದುಳು ಹೆಚ್ಚುಕಡಿಮೆ ಅರ್ಧದಷ್ಟೇ ಇತ್ತು. ಕಣ್ಣುಗಳೂ ಚಿಕ್ಕವಾಗಿದ್ದವು. ಇದನ್ನು ದಡ್ಡತನ ಎನ್ನಬಾರದು. ಸಂಬಳಕ್ಕೆ ತಕ್ಕಂತೆ ಸಂಸಾರ ತೂಗಿಸುವ ಅಜ್ಜಿಯ ಲೆಕ್ಕಾಚಾರ ಇದು. ಲಕ್ಷಾಂತರ ವರ್ಷಗಳಲ್ಲಿ ಪ್ರಕೃತಿ ಮಾಡಿದ ಲೆಕ್ಕ.

ಮೂಳೆಗಳಲ್ಲೂ ಒಂದು ಗುಟ್ಟಿತ್ತು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವಂತೆ ಇದರ ಮೂಳೆಯಲ್ಲೂ ಗೆರೆಗಳಿದ್ದವು. 2009ರಲ್ಲಿ ಇದನ್ನು ಗಮನಿಸಿದ ವಿಜ್ಞಾನಿಗಳಾದ ಮೈಕೆ ಕೋಲರ್ ಮತ್ತು ಸಾಲ್ವಡೊರ್ ಮೊಯಾ-ಸೊಲಾ, ಮೊಸಳೆಯಂಥ ಸರೀಸೃಪಗಳ ಹಾಗೆ ಇದೂ ಬಿಟ್ಟುಬಿಟ್ಟು, ನಿಧಾನವಾಗಿ ಬೆಳೆಯುತ್ತಿತ್ತು ಎಂದರು. ಇದು ತಣ್ಣನೆ ರಕ್ತದ ಆಡು ಎಂದು ಸುದ್ದಿಯೂ ಆಯಿತು. ಮೂರು ವರ್ಷದ ಬಳಿಕ ಅದೇ ಕೋಲರ್ ತಂಡ ಜಿಂಕೆ ಮುಂತಾದ ಇಂದಿನ ಮೆಲುಕು ಹಾಕುವ ಪ್ರಾಣಿಗಳ ಮೂಳೆಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಅಂಥ ಗೆರೆಗಳು ಕಂಡವು. ಹಾಗಾಗಿ ಗೆರೆಯಷ್ಟರಿಂದ ರಕ್ತ ತಣ್ಣಗಿತ್ತೆಂದು ಹೇಳಲಾಗದು. ನಿಧಾನ ಬೆಳವಣಿಗೆಯ ಮಾತು ಮಾತ್ರ ನಿಂತಿದೆ. ಹುಟ್ಟಿದ ಮರಿ ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ ಎಂಬ ಅಂದಾಜಿದೆ. ಅದು ದೊಡ್ಡದಾಗಲು ವರ್ಷಗಟ್ಟಲೆ ಬೇಕಿತ್ತು.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ ನಮ್ಮಲ್ಲಿ. ಮಯೋಟ್ರಾಗಸ್ ಈ ಗಾದೆಯನ್ನೂ ಮೀರಿಸಿತ್ತು. ಗುಹೆಗಳಲ್ಲಿ ಒಣಗಿ ಉಳಿದ ಅದರ ಹಿಕ್ಕೆಯನ್ನು ಪರೀಕ್ಷಿಸಿದಾಗ ಬಾಕ್ಸ್‌ವುಡ್ ಎಂಬ ಪೊದೆಯ ಅಂಶಗಳು ಹೇರಳವಾಗಿ ಸಿಕ್ಕವು. ಅದು ವಿಷದ ಗಿಡ. ದನಕರು ಅದರ ತಂಟೆಗೆ ಹೋಗುವುದಿಲ್ಲ.

ಹೆಸರಿನಲ್ಲಿ ಹೋತ ಇದ್ದರೂ ಇದು ನಿಜಕ್ಕೂ ಆಡಲ್ಲ. 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಇಂದು ಬದುಕಿರುವವರಲ್ಲಿ ಇದರ ಹತ್ತಿರದ ನೆಂಟ ಟಾಕಿನ್. ಭೂತಾನದ ರಾಷ್ಟ್ರಪ್ರಾಣಿಯಾದ, ನಮ್ಮ ಅರುಣಾಚಲ ಪ್ರದೇಶದಲ್ಲೂ ಇರುವ ಆ ದಪ್ಪ ಮೂಗಿನ ಭಾರೀ ಪ್ರಾಣಿ!

ಐವತ್ತು ಲಕ್ಷ ವರ್ಷ ತೂಗಿದ ಸಂಸಾರ ಸುಮಾರು 4,500 ವರ್ಷಗಳ ಹಿಂದೆ ಮುಗಿದುಹೋಯಿತು. ಮನುಷ್ಯರು ದೋಣಿಯೇರಿ ಈ ದ್ವೀಪಕ್ಕೆ ಬಂದ ಕಾಲವೂ ಅದರ ಆಸುಪಾಸಿನದೇ. ಜೊತೆಗೆ ನಾಯಿ, ಆಡು, ಕುರಿಗಳೂ ಬಂದವು. ಜನ ಇವನ್ನು ಗುಹೆಗಳಲ್ಲಿ ಕೂಡಿಹಾಕಿ, ಕೊಂಬು ಕತ್ತರಿಸಿ ಸಾಕಿದ್ದರೆಂದು ಒಂದು ಕಾಲಕ್ಕೆ ನಂಬಲಾಗಿತ್ತು. ಆ ಕೊಂಬುಗಳನ್ನು ಮತ್ತೆ ಪರೀಕ್ಷಿಸಿದಾಗ, ಅವು ಕತ್ತಿಯ ಗುರುತುಗಳಲ್ಲ, ಉಪ್ಪು-ಖನಿಜಕ್ಕಾಗಿ ಮಯೋಟ್ರಾಗಸ್‌ಗಳೇ ಸತ್ತವುಗಳ ಕೊಂಬನ್ನು ಅಗಿದ ಗುರುತುಗಳು ಎಂದು ತಿಳಿದುಬಂತು. ಓಡಲಾರದ, ಹಿಂದೆ ನೋಡಲಾರದ, ಮರಿ ದೊಡ್ಡದಾಗಲು ವರ್ಷಗಳು ಬೇಕಾದ ಪ್ರಾಣಿಗೆ ಹೊಸಬರೊಡನೆ ಹೊಂದಿಕೊಳ್ಳಲು ಸಮಯವೇ ಸಿಗಲಿಲ್ಲ. ಇಂದು ತ್ರಮುಂತಾನಾದ ಬಂಡೆಗಳ ಮೇಲೆ ನೆಗೆದಾಡುವ ಆಡುಗಳು ಮನುಷ್ಯ ತಂದವುಗಳ ಸಂತತಿ. ಅವುಗಳ ಕಣ್ಣು ಪಕ್ಕದಲ್ಲೇ ಇದೆ.

ಇದೇ ಗುಹೆಯ ಇನ್ನೊಂದು ಕತೆ ಹೇಳದೆ ಮುಗಿಸಲಾಗದು. ಮುಲೇತಾದಲ್ಲಿ ಒಂದು ಪುಟ್ಟ ಕಪ್ಪೆಯ ಮೂಳೆಗಳೂ ಸಿಕ್ಕವು. 1977ರಲ್ಲಿ ವಿಜ್ಞಾನಿಗಳು ಅದಕ್ಕೆ ಗುಹೆಯ ಹೆಸರನ್ನೇ ಸೇರಿಸಿ ಹೆಸರಿಟ್ಟರು. ಅಳಿದುಹೋದ ಜೀವಿ ಎಂದೇ ಭಾವಿಸಿದರು. ಕೆಲವೇ ವರ್ಷಗಳಲ್ಲಿ ಅದೇ ಕಪ್ಪೆ ತ್ರಮುಂತಾನಾದ ಕಡಿದಾದ ಕಮರಿಗಳಲ್ಲಿ ಜೀವಂತವಾಗಿ ಸಿಕ್ಕಿತು! ಸ್ಥಳೀಯರು ಇದನ್ನು 'ಫೆರರೆಟ್' ಎನ್ನುತ್ತಾರೆ. ಮೊಟ್ಟೆಗಳ ಸರವನ್ನು ಹಿಂಗಾಲಿಗೆ ಸುತ್ತಿಕೊಂಡು ಹೊತ್ತು ತಿರುಗುವುದು ಇಲ್ಲಿ ಅಪ್ಪನ ಕೆಲಸ. ಮನುಷ್ಯರ ಜೊತೆ ಬಂದ ನೀರುಹಾವು ಇದನ್ನು ತಿನ್ನುತ್ತದೆ. ಆದರೆ ಹಾವಿರುವ ಕೊಳಗಳಲ್ಲಿ ಬೆಳೆಯುವ ಗೊದಮೊಟ್ಟೆಗಳ ಬಾಲ ಹೆಚ್ಚು ಉದ್ದವಾಗಿ, ಅವು ಬೇಗ ಈಜಿ ಪಾರಾಗುವಂತಾಗುತ್ತವೆ. ಹೆದರಿಕೆಯ ಪಾಠವನ್ನು ಇವು ಮತ್ತೆ ಕಲಿತಿವೆ. ದೂರದ ಜೆರ್ಸಿ ದ್ವೀಪದ ಮೃಗಾಲಯದಲ್ಲಿ ಮರಿ ಮಾಡಿಸಿ ತಂದ ಕಪ್ಪೆಗಳನ್ನೂ ಈ ಕಮರಿಗಳಿಗೆ ಬಿಟ್ಟಿದ್ದಾರೆ.

ಕಮರಿಯ ಹತ್ತಿರ ಹೋದವರು ಕೊಳಕ್ಕೆ ಇಳಿಯಬಾರದು, ಕಲ್ಲು ಎಸೆಯಬಾರದು. ಬೇಸಗೆಯ ಸಂಜೆ ಸದ್ದಿಲ್ಲದೆ ಕುಳಿತರೆ, ಬಂಡೆಯ ಬಿರುಕಿನಿಂದ ಪುಟ್ಟ ಸುತ್ತಿಗೆ ಬಡಿದಂಥ ಟಿಣ್ ಟಿಣ್ ದನಿ ಕೇಳಿಸಬಹುದು. ಫೆರರೆಟ್ ಎಂದರೆ ಪುಟ್ಟ ಕಮ್ಮಾರ.