ನಮ್ಮ ಮನೆಯ ದೂತ

ಕುರುಕ್ಷೇತ್ರವನ್ನು ನೋಡಬೇಕೆಂಬ ಆಸೆಯುಳ್ಳವರು ಹರಿಯಾಣದವರೆಗೆ ಪ್ರಯಾಣ ಮಾಡಬೇಕಾಗಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಉಪ್ಪುಂದದ ನಮ್ಮ ಮನೆಗೆ ಬಂದರೆ ಸಾಕು.

ಅಪ್ಪಯ್ಯನಿಗೆ ಬ್ರಹ್ಮಾವರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ನನಗೆ ಕುಂದಾಪುರದ ಕಡೆ ಕಾಲೇಜು. ತಮ್ಮನಿಗೆ ಬೈಂದೂರಿನಲ್ಲಿ ಹೈಸ್ಕೂಲು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳೂ ಬೇರೆ ತಾಲೂಕುಗಳಾದ ಮೇಲೆ, ನಮ್ಮದು ದಿನವೂ ಮೂರು ತಾಲೂಕುಗಳಿಗೆ ದಂಡು ಕಳುಹುವ ಸಂಸ್ಥಾನವೆಂದು ಅಜ್ಜಯ್ಯ ಹೇಳುವುದುಂಟು. ಆದರೆ ಎಲ್ಲರಿಗಿಂತ ಮೊದಲು ಏಳುವವಳೂ, ಎಲ್ಲರಿಗೂ ಬುತ್ತಿ ಕಟ್ಟಿ ಏಳೂವರೆಗೆ ಗೇರುಬೀಜ ಕಾರ್ಖಾನೆಯ ವಾಹನವನ್ನು ಹತ್ತುವವಳೂ ಅಮ್ಮ. ಅಲ್ಲಿ ಸಿಪ್ಪೆ ತೆಗೆದ ಬೀಜದ ತೂಕದ ಮೇಲೆ ಕೂಲಿ. ತಡವಾದಷ್ಟೂ ಕೂಲಿ ಕಡಿಮೆ.

ಬಚ್ಚಲು ಒಂದು, ಕನ್ನಡಿ ಒಂದು, ಕಾವಲಿ ಒಂದು. ಅವಸರ ಮಾತ್ರ ನಾಲ್ಕು. ಹೀಗಿರುವಾಗ ಮಾತಿಗೆ ಮಾತು ಹತ್ತಿಕೊಳ್ಳುವುದು ಸಹಜವಷ್ಟೆ. ಅದನ್ನು ಆರಿಸುವವರು ಅಜ್ಜಯ್ಯ. ಪ್ರಾಯದಲ್ಲಿ ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳಗಳ ಆಟಗಳನ್ನು ಇರುಳಿಡೀ ಕುಳಿತು ನೋಡಿದವರು ಅವರು. ಆಟದಲ್ಲಿ ಯುದ್ಧದ ಕೆಟ್ಟ ಸುದ್ದಿಯನ್ನು ರಾಜನಿಗೆ ತರುವ ದೂತನು ಅನೇಕ ಸಲ ಹಾಸ್ಯಗಾರನೇ. ಅವನು ಬಂದೊಡನೆ ತೂಕಡಿಸುತ್ತಿದ್ದ ಸಭೆ ಎಚ್ಚರಗೊಳ್ಳುತ್ತದೆ. ನಮ್ಮಲ್ಲಿಯೂ ಜಗಳ ಕಾವೇರಿತೆಂದರೆ ಅಜ್ಜಯ್ಯ ಬೈರಾಸನ್ನು ತಲೆಗೆ ಸುತ್ತಿ, ಕುಂಟುತ್ತ ಬಂದು ಅಪ್ಪಯ್ಯನ ಮುಂದೆ ಕೈಮುಗಿಯುತ್ತಾರೆ:

“ಬಿನ್ನಹ, ಪ್ರಭೋ! ಬಚ್ಚಲೆಂಬ ದುರ್ಗವನ್ನು ಕಿರಿಯ ರಾಜಕುಮಾರರು ಗೆದ್ದು ಕದ ಹಾಕಿಕೊಂಡಿದ್ದಾರೆ. ಹಿರಿಯರು ಹೊರಗೆ ನಡುಗುತ್ತಿದ್ದಾರೆ. ಸಂಧಿಗೆಂದು ಹೋದ ಈ ಬಡ ದೂತನ ಮೋರೆಗೆ ಒಂದು ಚೆಂಬು ತಣ್ಣೀರು ಬಿತ್ತು!”

ತಮ್ಮನು ನಗುತ್ತ ಹೊರಬರುತ್ತಾನೆ. ನಾನೂ ಸಿಟ್ಟನ್ನು ಮರೆತು ಒಳಗೆ ನುಗ್ಗುತ್ತೇನೆ.

ಕಳೆದ ಆಸಾಡಿಯಲ್ಲಿ ಅಜ್ಜಯ್ಯ ಬಾರಕೂರಿನ ಅತ್ತೆಯ ಮನೆಗೆ ಹೋಗಿದ್ದರು. ಜಡಿಮಳೆ, ಸೌದೆ ಒದ್ದೆ, ಗ್ಯಾಸ್ ಹಿಂದಿನ ದಿನವೇ ಮುಗಿದಿತ್ತು. ಅಮ್ಮ ಒಲೆ ಊದುತ್ತಿದ್ದಂತೆ ದೋಸೆ ಕರಟಿತು. ದೂತನ ಪಾತ್ರವನ್ನು ವಹಿಸಲು ಇದೇ ಸಮಯವೆಂದು ಬಗೆದು ನಾನು ಕೂಗಿದೆ: “ಬಿನ್ನಹ, ಪ್ರಭೋ! ಮಹಾರಾಣಿಯವರ ಪಾಕಶಾಲೆಯಲ್ಲಿ ಲಂಕಾದಹನ!”

ಅಪ್ಪಯ್ಯನೂ ತಮ್ಮನೂ ಗೊಳ್ಳೆಂದು ನಕ್ಕರು. ಅಮ್ಮ ಸಟ್ಟುಗವನ್ನು ಕೆಳಗಿಟ್ಟಳು.

“ನೆಗಿ ಮಾಡುಕೆ ನಿಮ್ಗ್ ಪುರ್ಸೊತ್ತ್ ಇತ್ತ್. ನಂಗೆಲ್ಲಿತ್ತ್, ಮಗಾ?”

ಅಷ್ಟೇ ಮಾತು. ಕೊಡೆ ಬಿಡಿಸಿಕೊಂಡು ಮಳೆಯಲ್ಲಿ ಹೊರಟೇ ಹೋದಳು. ಆಮೇಲೆ ನೋಡಿದರೆ, ಅವಳ ಬುತ್ತಿ ಕಟ್ಟೆಯ ಮೇಲೆಯೇ ಇದೆ. ಅಂದು ಕಾಲೇಜಿನಲ್ಲಿ ನಡೆದ ಪಾಠ ಯಾವುದೆಂದು ನನ್ನನ್ನು ಕೇಳಬೇಡಿ.

ಸಂಜೆ ಮರಳಿ ಬಂದ ಅಜ್ಜಯ್ಯನಿಗೆ ಎಲ್ಲವನ್ನೂ ತಿಳಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, “ದೂತ ನೆಗಿ ಮಾಡುದ್ ತನ್ನ ಮ್ಯಾಲೆ ಅಲ್ದಾ, ಮಗಾ? ಮತ್ತೆ, ಓಡುದೂ ಅವ್ನೇ” ಎಂದರು.

ಇಷ್ಟು ವರ್ಷ ನಾನು ಅವರ ಮಾತನ್ನು ಮಾತ್ರ ಕೇಳಿದ್ದೆ, ಕೈಯನ್ನು ನೋಡಿರಲಿಲ್ಲ. ಮಾತಿನ ನಡುವೆಯೇ ತೆಂಗಿನಕಾಯಿ ತುರಿಯುವವರು, ತಮ್ಮನ ಚೀಲ ಹುಡುಕಿ ಕೊಡುವವರು, ನೀರೊಲೆಗೆ ಸೌದೆ ಒಟ್ಟುವವರು ಅವರೇ. ಕೆಲಸ ಮಾಡುವವರನ್ನು ಕುರಿತು ಕುಳಿತವರು ನಕ್ಕರೆ ಅದು ಹಾಸ್ಯವಲ್ಲ, ಇನ್ನೊಂದು ಹೊರೆ.

ಮರುದಿನ ಐದೂವರೆಗೆ ಎದ್ದು, ಅಮ್ಮ ಬೇಡವೆಂದರೂ ಕಾವಲಿಯ ಮುಂದೆ ನಿಂತೆ. ಮೊದಲ ದೋಸೆಯನ್ನು ತಟ್ಟೆಗೆ ಹಾಕಿ, “ಬಿನ್ನಹ, ಮಹಾರಾಣಿ! ಈ ದೂತನು ದೋಸೆಯೆಂದು ಹೊಯ್ದದ್ದು ಕರ್ನಾಟಕದ ನಕ್ಷೆಯಾಗಿದೆ. ಬೀದರ ಕರಟಿದೆ, ನಮ್ಮ ಉಡುಪಿ ಜಿಲ್ಲೆ ಇನ್ನೂ ಹಸಿ” ಎಂದೆ.

ಅಮ್ಮ ಬಗ್ಗಿ ನೋಡಿದಳು. “ಬೈಂದೂರ್ ಇನ್ನೂ ಕಾವ್ಲಿಯಗೇ ಇತ್ತ್, ಕಾಣ್!” ಎಂದು, ಸೆರಗನ್ನು ಬಾಯಿಗೆ ಹಿಡಿದು ನಕ್ಕಳು.

ಅಂದಿನಿಂದ ಬೆಳಗಿನ ದೋಸೆ ನನ್ನ ಪಾಲಿನದು. ಗಡಿಯಾರವೇನೂ ನಿಧಾನವಾಗಿಲ್ಲ, ಬಚ್ಚಲೂ ಎರಡಾಗಿಲ್ಲ. ಒಮ್ಮೊಮ್ಮೆ ನನ್ನ ಬಸ್ಸು ತಪ್ಪುತ್ತದೆ. ಮೊದಲ ಅವಧಿಯಲ್ಲಿ ನಾನು ಬಾಗಿಲ ಬಳಿ ತಲೆತಗ್ಗಿಸಿ ನಿಂತುದನ್ನು ಕಂಡ ಅಧ್ಯಾಪಕವರ್ಗದವರಲ್ಲಿ ಈ ದೂತನ ಬಿನ್ನಹ ಇಷ್ಟೇ: ಅಮ್ಮನ ವಾಹನ ಮಾತ್ರ ಆಮೇಲೆ ಒಂದು ದಿನವೂ ತಪ್ಪಿಲ್ಲ.