ಕರಿಯನ ರಾಗಿ ಬಿಸ್ಕತ್ತು

ಮೂಳೆಯಾಕಾರದ ಅಚ್ಚು ಬೇಕೇ ಬೇಕೆಂದು ಮಗಳು ಹಟ ಹಿಡಿದಳು. ಬಿಸ್ಕತ್ತು ಚೌಕವಾದರೇನು, ಗುಂಡಗಾದರೇನು, ನಮ್ಮ ನಾಯಿ ಕರಿಯನ ಹಲ್ಲಿಗೆ ಒಮ್ಮೆ ತಾಗಿ ಗಂಟಲಿಗಿಳಿಯುವ ಪದಾರ್ಥಕ್ಕೆ ರೂಪವೇಕೆ ಎಂದು ನಾನು ವಾದಿಸಿದೆ. ಸೋತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಬೇಕರಿಯೊಂದರಿಂದ ಬಂದು ಮುಂದೆ ಮಿಲ್ಕ್-ಬೋನ್ ಎಂದು ಹೆಸರಾದ ಬಿಸ್ಕತ್ತಿಗೂ ಮೂಳೆಯದೇ ಆಕಾರ. ನಾಯಿ ಕಾಸು ಕೊಡುವುದಿಲ್ಲವಲ್ಲ. ಕೊಡುವವರ ಕಣ್ಣಿಗೆ ಒಪ್ಪಬೇಕು.

ಈ ಗುಟ್ಟು ಮೊದಲು ತಿಳಿದವನು ಜೇಮ್ಸ್ ಸ್ಪ್ರಾಟ್. ಸಿಡಿಲು ತಡೆಯುವ ಕಂಬಿ ಮಾರುತ್ತಿದ್ದ ಅಮೆರಿಕದವನು, 1860ರ ಸುಮಾರಿಗೆ ಲಂಡನ್ನಿನಲ್ಲಿದ್ದ. ಹಡಗಿನವರು ಎಸೆದ, ಕಲ್ಲಿನಂಥ ಬಿಸ್ಕತ್ತನ್ನು ಬಂದರಿನ ನಾಯಿಗಳು ಕಡಿಯುವುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತಂತೆ. ಗೋಧಿ, ಬೀಟ್‌ರೂಟ್, ತರಕಾರಿ, ಒಣಗಿಸಿದ ದನದ ಮಾಂಸ ಸೇರಿಸಿ ‘ಡಾಗ್ ಕೇಕ್’ ಮಾಡಿ ಸಿರಿವಂತರಿಗೆ ಮಾರಿದ. ಅವನ ಕಂಪನಿಗೆ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ಹುಡುಗನೇ 1891ರಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನ ಶುರುಮಾಡಿದ್ದು. ಆತನ ಮನೆಯಲ್ಲಿ ಮಾತ್ರ ಬೆಕ್ಕಿತ್ತಂತೆ!

ನಮ್ಮ ಊರಲ್ಲಿ ಇಷ್ಟೆಲ್ಲ ಇರಲಿಲ್ಲ. ಅಜ್ಜಿ ಉಳಿದ ಮುದ್ದೆ ಮುರಿದು, ನೀರು ಮಜ್ಜಿಗೆಯಲ್ಲಿ ಕಿವುಚಿ, ಹಿತ್ತಲ ಕಲ್ಲಿನ ಮರಿಗೆಗೆ ಸುರಿಯುತ್ತಿದ್ದಳು. ಮಾಂಸ ತಿನ್ನೋ ಪ್ರಾಣಿಗೆ ಹಿಟ್ಟು ಹಾಕ್ತೀರಲ್ಲ ಎಂದು ಪೇಟೆಯಿಂದ ಬಂದ ನೆಂಟರು ಮೂಗು ಮುರಿದದ್ದುಂಟು. 2013ರಲ್ಲಿ ‘ನೇಚರ್’ ಪತ್ರಿಕೆ ಅಜ್ಜಿಯ ಪರ ನಿಂತಿತು: ಪಿಷ್ಟ ಜೀರ್ಣಿಸುವ ಜೀನು ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ 4ರಿಂದ 30. ಮನುಷ್ಯರ ಜೊತೆ ಉಂಡೂ ಉಂಡೂ ಹೊಟ್ಟೆಯೇ ಬದಲಾಗಿದೆ.

ಹಾಗಾಗಿ ನನ್ನದೂ ರಾಗಿಯೇ. ಬರೀ ರಾಗಿ ಹಿಟ್ಟು ಲಟ್ಟಿಸಿದರೆ ಮಣೆಯ ಮೇಲೆ ಬಿರುಕು ಬಿಡುತ್ತದೆ. ಜಿಗುಟಿಗೆ ಅರ್ಧದಷ್ಟು ಗೋಧಿ ಹಿಟ್ಟು, ಬೇಯಿಸಿ ಮಸೆದ ಸಿಹಿಗುಂಬಳ, ಒಂದು ಮೊಟ್ಟೆ. ನೀರು ಬೇಡ, ಕುಂಬಳದಲ್ಲೇ ಸಾಕಷ್ಟಿದೆ. ಓವನ್‌ನಲ್ಲಿ 160 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಆರಿಸಿದ ಮೇಲೂ ಒಳಗೇ ಬಿಟ್ಟರೆ ಚಟಕ್ಕೆಂದು ಮುರಿಯುವಷ್ಟು ಒಣಗುತ್ತದೆ. ಒಳಗೆ ಪಸೆ ಉಳಿದರೆ ಡಬ್ಬಿಯಲ್ಲಿ ಬೂಷ್ಟು ಖಂಡಿತ. ಉಪ್ಪು, ಬೆಲ್ಲ, ಚಾಕೊಲೇಟು ಇಲ್ಲ. ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಈರುಳ್ಳಿ ರಕ್ತದ ಕೆಂಪುಕಣ ಒಡೆಯುತ್ತದೆ. ಕಡಲೆಕಾಯಿ ಬೆಣ್ಣೆ ಹಾಕುವವರು ಡಬ್ಬಿಯ ಮೇಲಿನ ಸಣ್ಣಕ್ಷರ ಓದಲಿ: ಸಕ್ಕರೆಯ ಬದಲು ಬಳಸುವ ಜೈಲಿಟಾಲ್ ನಾಯಿಯ ಜೀವಕ್ಕೇ ಕುತ್ತು. ಎಷ್ಟು ಒಳ್ಳೆಯದಿದ್ದರೂ ತಿಂಡಿ ತಿಂಡಿಯೇ. ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲೊಂದು ಪಾಲು ಮೀರಬಾರದು ಎನ್ನುತ್ತಾರೆ ವೈದ್ಯರು. ಕರಿಯನ ಕಣ್ಣು ಒಪ್ಪುವುದಿಲ್ಲ, ಅದು ಬೇರೆ ಮಾತು.

‘ಮದುವೆಯಾಗಿ ಇಷ್ಟು ವರ್ಷವಾಯ್ತು, ನನಗೊಂದು ಬಿಸ್ಕತ್ತು ಮಾಡಿಕೊಟ್ಟಿದ್ದೀರಾ?’ ಎಂದು ಹೆಂಡತಿ ಗೊಣಗುವಾಗ ಮಾವನವರು ಊರಿಂದ ಬಂದರು. ಅವರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಡಬ್ಬಿ ತೆಗೆದು ಕಾಫಿಗೆ ಅದ್ದಿಕೊಂಡು ಕೂತಿದ್ದರು.

‘ಉಪ್ಪಿಲ್ಲ, ಸಕ್ಕರೆಯಿಲ್ಲ. ನಮ್ಮ ಡಾಕ್ಟ್ರು ಹೇಳಿದ್ದು ಇದನ್ನೇ, ಅಳಿಯಂದ್ರೇ. ಆಕಾರ ಮಾತ್ರ ಯಾಕೋ ಸ್ವಲ್ಪ ಸೊಟ್ಟ’ ಅಂದರು.

ಮಗಳು ಬಾಯಿ ತೆರೆಯುವ ಮೊದಲೇ ಹೆಂಡತಿ ಅವಳನ್ನು ಅಂಗಡಿಗೆ ಓಡಿಸಿದಳು.